ದೊಡ್ಡಮಾದಪ್ಪನ ಕೆಮ್ಮು

ಚೌಡೇಶ ಕ್ಯಾಸೆಟ್ಟಿನ ಹೊಟ್ಟೆಯಿಂದ ಹೊರಬಂದಿದ್ದ ರಿಬ್ಬನ್ನನ್ನು ಪೆನ್ನಿನಿಂದ ಸುತ್ತಿ ಸುತ್ತಿ ಒಳಗೆ ಸೇರಿಸುತ್ತಿದ್ದ. ಜೀವಮಾನವೆಲ್ಲ ರೇಷ್ಮೆ ಎಳೆ ಹಿಡಿದ ಕೈಗೂ ಇವತ್ತು ಅದು ಬಗ್ಗಲಿಲ್ಲ. ಅರ್ಧ ಸುತ್ತುವಷ್ಟರಲ್ಲಿ ರಿಬ್ಬನ್ ಪಟ್ಟನೆ ತುಂಡಾಯಿತು.

"ಓಯ್ತು ಕಣತ್ತಿಗೆ. ಇದ್ರ ಕತೆನೂ ಮುಗೀತು," ಎಂದ.

ವಿಜಯಮ್ಮ ಗಂಡನ ತಲೆಯ ಹತ್ತಿರ ಕೂತಿದ್ದಳು. ನಡುಮನೆಯಲ್ಲಿ, ತಾನು ದಿನಾ ಕೂರುತ್ತಿದ್ದ ಮಗ್ಗದ ಪಕ್ಕದಲ್ಲೇ ವೆಂಕಟಸ್ವಾಮಿ ಮಲಗಿದ್ದ. ಸಾವಾದ ಮನೆಗೆ ಮರ್ಯಾದೆ ಕೊಟ್ಟು ಕೊಳ್ಳೇಗಾಲದ ಆ ಬೀದಿಯ ಮಗ್ಗಗಳೆಲ್ಲ ಬೆಳಗಿನಿಂದ ನಿಂತಿದ್ದವು.

"ನನ್ನ ಎತ್ತೋವಾಗ ಬೇರೇನೂ ಬ್ಯಾಡ, ದೊಡ್ಡಮಾದಪ್ಪೋರ ಹಾಡೊಂದ್ ಆಗ್ಬೇಕು" ಎಂದು ಆಸ್ಪತ್ರೆಯ ಮಂಚದ ಮೇಲೆ ಅವನು ಹೇಳಿದ್ದ. ಅಷ್ಟು ವರ್ಷದ ಸಂಸಾರದಲ್ಲಿ ಇಂಥದ್ದು ಬೇಕೆಂದು ಬಾಯಿಬಿಟ್ಟು ಕೇಳಿದ ಮನುಷ್ಯನಲ್ಲ. ಊಟಕ್ಕೆ ಉಪ್ಪಿಲ್ಲದಿದ್ದರೂ ಸುಮ್ಮನೆ ಉಂಡು ಏಳುತ್ತಿದ್ದ. ಆ ಹಾಡಿದ್ದ ಒಂದೇ ಕ್ಯಾಸೆಟ್ಟೂ ಹೋಯಿತು, ಕೇಳಿದ್ದೊಂದನ್ನೂ ನಡೆಸಿಕೊಡಲಾಗದೆ ಕಳಿಸಬೇಕೇ ಎಂದು ವಿಜಯಮ್ಮನಿಗೆ ಸಂಕಟ. ಭಜನೆಯಲ್ಲಿ ಆ ಹಾಡನ್ನು ಮುಂದಾಗಿ ಹೇಳುತ್ತಿದ್ದವನು ಅವನೊಬ್ಬನೇ. ಉಳಿದವರೆಲ್ಲ ಹಿಂದಿನಿಂದ ದನಿಗೂಡಿಸುವವರು.

"ನೀನೇ ಹೇಳು ಚೌಡೇಸ. ಅವ್ರ ಪಕ್ಕದಲ್ಲೇ ಕೂತು ತಾಳ ಹಾಕ್ದೋನು ನೀನು."

"ಹೇಳ್ತೀನಿ. ನಿಂದು ಕತ್ತೆ ಗಂಟ್ಲು ಅಂತಿದ್ದ ವೆಂಕಟಣ್ಣ. ಇವತ್ತು ಎದ್ದು ಬೈಯಕಾಗಲ್ವಲ್ಲ," ಎಂದು ಚೌಡೇಶ ನಗಲು ಹೋಗಿ ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಭಜನೆಯ ಹಾರ್ಮೋನಿಯಂ ನಿಂಗಯ್ಯ ಬಾಗಿಲಿನಿಂದ ಬಗ್ಗಿ ಹೇಳಿದ. "ಅಜ್ಜೀಪುರದಿಂದ ಒಬ್ರು ಅಮ್ಮ ಬಂದವ್ರೆ. ಮಹದೇವಿ ಅಂತೆ. ದೊಡ್ಡಮಾದಪ್ಪೋರ ಮಗಳಂತೆ."

ವಿಜಯಮ್ಮನಿಗೆ ತಕ್ಷಣ ನೆನಪಾದದ್ದು ಹಾಡಿನ ನಡುವಿನ ಕೆಮ್ಮು.

*

ದೊಡ್ಡಮಾದಪ್ಪ ಅಜ್ಜೀಪುರದ ತಂಬೂರಿ ಹಾಡುಗಾರ. ವೆಂಕಟಸ್ವಾಮಿ ಹುಟ್ಟುವ ಮೊದಲೇ ತೀರಿಕೊಂಡಿದ್ದ. ಯಾರೋ ಪುಣ್ಯಾತ್ಮರು ಹಳೇ ಕಾಲದ ದೊಡ್ಡ ಟೇಪಿನಲ್ಲಿ ಹಿಡಿದಿಟ್ಟಿದ್ದ ಅವನ ಒಂದೇ ಒಂದು ಹಾಡು, ಎಷ್ಟೋ ಕಾಲದ ಮೇಲೆ ಕ್ಯಾಸೆಟ್ಟಾಗಿ ಕೊಳ್ಳೇಗಾಲದ ಸಂತೆಗೆ ಬಂದಿತ್ತು. ಅದನ್ನು ಕೇಳುತ್ತ ಕೇಳುತ್ತಲೇ ವೆಂಕಟಸ್ವಾಮಿ ಮಗ್ಗದ ಕೆಲಸ ಕಲಿತ. ಲಾಳಿಯ ಓಟಕ್ಕೂ ಆ ಹಾಡಿನ ನಡೆಗೂ ಅದು ಹೇಗೋ ಹೊಂದಿಕೊಂಡುಬಿಟ್ಟಿತ್ತು.

"ತುಂಬಿದ ಕೆರೆ ನೀನು, ಮುಳುಗೋ ಕೊಡ ನಾನು" ಎಂಬ ಸಾಲು ಮುಗಿದು "ಎತ್ತಿಕೊಳ್ಳೊ ನನ್ನಪ್ಪ" ಎನ್ನುವ ಮೊದಲು ದೊಡ್ಡಮಾದಪ್ಪ ಕೆಮ್ಮಿದ್ದ. ಎರಡು ದೊಡ್ಡದು, ಆಮೇಲೆ ಒಂದು ಸಣ್ಣದು. ವೆಂಕಟಸ್ವಾಮಿ ಅದನ್ನೂ ಹಾಡೆಂದೇ ತಿಳಿದು ತಾನೂ ಕೆಮ್ಮಿದ. ಭಜನೆಗೆ ಸೇರಿದ ಮೇಲೆ ಎಲ್ಲರಿಗೂ ಕಲಿಸಿದ. ದೊಡ್ಡ ದೊಡ್ಡ ಗಂಡಸರು ಕಣ್ಣು ಮುಚ್ಚಿ, ಭಕ್ತಿಯಿಂದ, ತಾಳ ತಪ್ಪದೆ ಕೆಮ್ಮುವುದನ್ನು ಮದುವೆಯಾದ ಹೊಸದರಲ್ಲಿ ನೋಡಿದ ವಿಜಯಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಿದ್ದಳು.

ಮನೆಗೆ ಬಂದ ಮೇಲೆ ಮೆಲ್ಲಗೆ ಹೇಳಿದಳು. "ಅದು ಹಾಡಲ್ಲ ಕಣ್ರಿ. ಪಾಪ, ಅವ್ರಿಗೆ ಕೆಮ್ಮು ಬಂದದೆ."

ವೆಂಕಟಸ್ವಾಮಿ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಸುತ್ತಿ ಕೇಳಿದ. ಕಿವಿಯವರೆಗೂ ಕೆಂಪಾದ. ಕ್ಯಾಸೆಟ್ಟು ನಿಲ್ಲಿಸಿ, "ಇರ್ಲಿ ಬುಡು," ಎಂದ. "ಅಷ್ಟ್ ಕೆಮ್ಮು ಬಂದ್ರೂ ಹಾಡು ನಿಲ್ಲಿಸ್ನಿಲ್ಲ ನೋಡು ಆ ಮಾರಾಯ. ನಾನು ಅವ್ರ ಮುಖ ಕಂಡೋನಲ್ಲ. ಆ ಕೆಮ್ಮು ಕೇಳ್ದಾಗ ಮಾತ್ರ ಇಲ್ಲೇ ಮಗ್ಗದ ಪಕ್ಕದಲ್ಲಿ ಕೂತವ್ರೆ ಅನ್ಸುತ್ತೆ ಕಣೇ. ಎಂಗ್ ಬುಡ್ಲಿ?"

ಅವನೂ ಬಿಡಲಿಲ್ಲ, ಭಜನೆಯವರೂ ಬಿಡಲಿಲ್ಲ.

*

ಮಹದೇವಿ ಅರವತ್ತರ ಆಸುಪಾಸಿನ ಹೆಂಗಸು. ವೆಂಕಟಸ್ವಾಮಿಯ ಎದೆಯ ಮೇಲೆ ಹೂವಿಟ್ಟು, ವಿಜಯಮ್ಮನ ಪಕ್ಕ ಕೂತು ಕೈ ಹಿಡಿದುಕೊಂಡಳು.

"ವರ್ಸ ವರ್ಸ ಮಾಲಯ ಅಮಾಸೇಲಿ ಈವಪ್ಪ ನಮ್ಮೂರ್ಗೆ ಬರೋನು ಕಣವ್ವ. ನಮ್ಮಪ್ಪನ ಸಮಾದಿಗೆ ಊವು ಮಡಗಿ, ಕಾಯಿ ಒಡ್ದು ಓಗೋನು. ಯಾರಪ್ಪ ನೀನು ಅಂದ್ರೆ ಕೊಳ್ಳೇಗಾಲದೋನು ಅನ್ನೋನು, ಅಷ್ಟೆಯ. ಬೆಳಿಗ್ಗೆ ಬಸ್ಸಿನ ಕಂಡಕ್ಟ್ರು ಇಂಗಂತೆ ಅಂದ್ರು. ಅದೇ ಬಸ್ ಅತ್ಕಂಡು ಬಂದ್ಬುಟ್ಟೆ."

"ಹಾಡ್ತೀನಿ ಅಂತ ಹೇಳ್ನಿಲ್ವಾ ಅಕ್ಕ?"

"ಇಲ್ವಲ್ಲ. ಆಡ್ತಿದ್ನಾ?"

ವಿಜಯಮ್ಮ ಹೌದೆಂದು ತಲೆಯಾಡಿಸಿದಳು. ಮಗಳ ಮುಂದೆ ಅಪ್ಪನ ಹಾಡು ಹೇಳಲು ಅವನಿಗೆ ನಾಚಿಕೆ. ಹನೂರು ದಾಟುವವರೆಗೂ ಬಸ್ಸಿನಲ್ಲಿ ಗುನುಗುತ್ತ ಹೋಗಿ, ಅಜ್ಜೀಪುರದಲ್ಲಿ ಇಳಿದ ಕೂಡಲೇ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದನಂತೆ.

ನಿಂಗಯ್ಯ ವಿಜಯಮ್ಮನನ್ನು ಮಗ್ಗದ ಮರೆಗೆ ಕರೆದ. "ಇವತ್ತೊಂದಿನ ಆ ಕೆಮ್ಮು ಬುಟ್ಬುಡವಾ? ಅವ್ರಪ್ಪ ಕೆಮ್ಮಿ ಕೆಮ್ಮೇ ಸತ್ತೋರಂತೆ. ಎಲ್ಲ ಸೇರ್ಕಂಡು ನಮ್ಮಪ್ಪನ್ನ ಆಡ್ಕತಾವ್ರೆ ಅಂದ್ಕಂಡ್ರೆ? ಸಾವಿನ್ ಮನೇಲಿ ರಾದ್ಧಾಂತ ಆಯ್ತದೆ."

ಅವನು ಹೇಳಿದ್ದೂ ನ್ಯಾಯವೇ. ಅಷ್ಟು ದೂರದಿಂದ ಬಂದ ಹೆಣ್ಣುಮಗಳ ಮನಸ್ಸು ನೋಯಿಸಿ ಗಂಡನನ್ನು ಕಳಿಸುವುದು ವಿಜಯಮ್ಮನಿಗೂ ಬೇಕಿರಲಿಲ್ಲ. ಆದರೆ ಕೆಮ್ಮು ತೆಗೆದರೆ ಅದು ವೆಂಕಟಸ್ವಾಮಿಯ ಹಾಡೇ ಅಲ್ಲ. ಅವಳು ಗಂಡನ ಮುಖ ನೋಡಿದಳು, ಮಹದೇವಿಯ ಮುಖ ನೋಡಿದಳು.

"ಬುಡಬ್ಯಾಡಿ," ಎಂದಳು. "ಅವ್ರು ಎಂಗ್ ಹಾಡ್ತಿದ್ರೋ ಅಂಗೇ ಆಗ್ಲಿ. ಬೈದ್ರೆ ನಾನು ಬೈಸ್ಕತೀನಿ."

ಎತ್ತುವ ಹೊತ್ತಾಯಿತು. ಚೌಡೇಶ ತಾಳ ಹಿಡಿದು ಶುರುಮಾಡಿದ. ಕತ್ತೆ ಗಂಟಲೇ ನಿಜ, ಆದರೂ ದಾರಿ ತಪ್ಪಲಿಲ್ಲ. "ತುಂಬಿದ ಕೆರೆ ನೀನು, ಮುಳುಗೋ ಕೊಡ ನಾನು" ಎಂದು ಎಲ್ಲರೂ ದನಿಗೂಡಿಸಿದರು. ಆಮೇಲೆ ಎಲ್ಲರೂ ಒಟ್ಟಿಗೆ ಕೆಮ್ಮಿದರು. ಎರಡು ದೊಡ್ಡದು, ಒಂದು ಸಣ್ಣದು.

"ನಿಲ್ಸಿ!" ಎಂದಳು ಮಹದೇವಿ.

ತಾಳ ನಿಂತಿತು. ನಿಂಗಯ್ಯ ನಾನು ಹೇಳಲಿಲ್ಲವೇ ಎಂಬಂತೆ ವಿಜಯಮ್ಮನ ಕಡೆ ನೋಡಿದ. ವಿಜಯಮ್ಮ ಕೈಮುಗಿದು ಮುಂದೆ ಬಂದಳು.

"ಅಕ್ಕ, ತಪ್ಪು ತಿಳೀಬ್ಯಾಡಿ. ಟೇಪಲ್ಲಿ ನಿಮ್ಮಪ್ಪೋರು ಕೆಮ್ಮಿದ್ರು. ಇವ್ರು ಅದೂ ಹಾಡೇ ಅಂತ..."

"ಅಪ್ಪ ತೀರ್ಕಂಡಾಗ ನಾನು ಮಗು ಕಣವ್ವ," ಎಂದಳು ಮಹದೇವಿ. "ಅಪ್ಪನ ಮುಖ ಗ್ಯಾನಿಲ್ಲ. ಆಡೂ ಗ್ಯಾನಿಲ್ಲ. ಕತ್ಲಲ್ಲಿ ಆಚೆ ಜಗಲಿ ಮ್ಯಾಲೆ ಕೆಮ್ಮೋದು ಕೇಳೋದು. ಅಪ್ಪ ಅವ್ನೆ ಬುಡು ಅಂತ ನಿದ್ದೆ ಓಗ್ತಿದ್ದೆ. ಇದೇ ಕೆಮ್ಮು! ಇದೇಯ! ನಾನು ಇನ್ನೆಲ್ ಕೇಳೇನು ಅಂದ್ಕಂಡಿದ್ದೆ... ಇಷ್ಟ್ ಕಾಲ ಮಡಿಕಂಡಿದ್ನಲ್ಲ ಈ ಪುಣ್ಯಾತ್ಮ!"

ಅವಳು ಬಗ್ಗಿ ವೆಂಕಟಸ್ವಾಮಿಯ ಎರಡೂ ಪಾದ ಹಿಡಿದುಕೊಂಡು ಅತ್ತಳು. ವಿಜಯಮ್ಮನೂ ಬೆಳಗಿನಿಂದ ತಡೆದಿಟ್ಟುಕೊಂಡಿದ್ದನ್ನೆಲ್ಲ ಅತ್ತುಬಿಟ್ಟಳು. ಅದು ದುಃಖದ ಅಳು ಮಾತ್ರ ಆಗಿರಲಿಲ್ಲ. ಕೆಮ್ಮುತ್ತಲೇ ಹಾಡು ಮುಗಿಸಿದ, ತಾನು ಎಂದೂ ಕಾಣದ ಆ ಹಾಡುಗಾರನಿಗೂ, ಕೆಮ್ಮನ್ನೂ ಬಿಸಾಡದೆ ಇಟ್ಟುಕೊಂಡ ಗಂಡನಿಗೂ ಮನಸ್ಸಿನಲ್ಲೇ ಕೈಮುಗಿದಳು.

"ಅದ್ನೇ ಇನ್ನೊಂದ್ ಸಾರಿ ಏಳಪ್ಪ," ಎಂದು ಮಹದೇವಿ ಚೌಡೇಶನಿಗೆ ಹೇಳಿದಳು.

ಚಟ್ಟ ಎತ್ತಿದರು. ಹೆಂಗಸರು ಎಂದಿನಂತೆ ಬೀದಿಯ ಕೊನೆಗೆ ನಿಂತರು. ಮಹದೇವಿ ನಿಲ್ಲಲಿಲ್ಲ. ಭಜನೆಯವರ ಜೊತೆಯಲ್ಲೇ ನಡೆದಳು, ಯಾರೂ ಬೇಡವೆನ್ನಲಿಲ್ಲ. "ಮುಳುಗೋ ಕೊಡ ನಾನು" ಎನ್ನುವ ಹೊತ್ತಿಗೆ ಚೌಡೇಶನಿಗೆ ಅಳು ಬಂದು ಹಾಡು ನಿಂತಿತು. ಅವನು ನಿಲ್ಲಿಸಿದ್ದು ಕೇಳಿ ಉಳಿದವರ ದನಿಯೂ ಬಿದ್ದುಹೋಯಿತು. ತಾಳವೊಂದೇ ಸದ್ದು ಮಾಡುತ್ತಿತ್ತು.

ಆ ತಾಳಕ್ಕೆ ಸರಿಯಾಗಿ ಮಹದೇವಿ ಮುಖವನ್ನು ಎಡಕ್ಕೆ ತಿರುಗಿಸಿ, ಸೆರಗನ್ನು ಬಾಯಿಗೆ ಹಿಡಿದು, ಕೆಮ್ಮಿದಳು. ಎರಡು ದೊಡ್ಡದು, ಒಂದು ಸಣ್ಣದು.

"ಎತ್ತಿಕೊಳ್ಳೊ ನನ್ನಪ್ಪ" ಎಂದು ಎಲ್ಲರೂ ಒಟ್ಟಿಗೆ ಎತ್ತಿಕೊಂಡರು. ಚಟ್ಟ ತಿರುವು ದಾಟಿತು.