ನಲ್ಲಿಯವರಿಗೆ ಕೊಟ್ಟ ನೀರು

ಹಿತ್ತಾಳೆಯ ಚೊಂಬು, ಅದರ ಪಕ್ಕ ತಟ್ಟೆಯಲ್ಲಿ ಬೆಲ್ಲದ ಚೂರು. ನಮ್ಮ ಮನೆಯ ಬಾಗಿಲ ಪಕ್ಕದಲ್ಲಿ ಇವೆರಡು ಯಾವಾಗಲೂ ಇರುತ್ತಿದ್ದವು. ನದಿಯಾಚೆಯ ದೇಶದಿಂದ ಬಂದು ಆ ಊರಲ್ಲಿ ನೆಲೆಸಿದ್ದ ನಮಗೆ ನೆಂಟರಿಷ್ಟರು ಕಡಿಮೆ. ಆದರೂ ಬಾಗಿಲಿಗೆ ಬಂದವರನ್ನು ಅವ್ವ ಬರಿಬಾಯಲ್ಲಿ ಕಳಿಸಿದವಳಲ್ಲ.

ಒಂದು ಮಧ್ಯಾಹ್ನ ಮೂವರು ಬಂದು, "ನಲ್ಲಿ ರಿಪೇರಿಯವರು, ಬಾಗಿಲು ತೆಗೀರಮ್ಮ" ಎಂದರು. ಅವ್ವ ಒಳಗೆ ಕರೆದು ಬೆಲ್ಲ, ನೀರು ಕೊಟ್ಟಳು. ಗಟಗಟ ಕುಡಿದರು. ಚೊಂಬು ಕೆಳಗಿಟ್ಟವರೇ ಅಡುಗೆಮನೆಗೆ ನುಗ್ಗಿ, ಊಟಕ್ಕೆ ಕೂತಿದ್ದ ಅಪ್ಪನ ರಟ್ಟೆ ಹಿಡಿದು ಎಬ್ಬಿಸಿದರು. ವಲಸೆ ಇಲಾಖೆಯ ಅಧಿಕಾರಿಗಳಂತೆ! ಕೈಯಲ್ಲಿ ಕೋರ್ಟಿನ ಆದೇಶವೂ ಇರಲಿಲ್ಲ. ಎಂಜಲು ಕೈ ತೊಳೆಯಲೂ ಬಿಡದೆ ಬೀದಿಯಲ್ಲಿ ಎಳೆದೊಯ್ದರು. ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಕಾಗದಪತ್ರಗಳು ಸರಿಯಾಗಿವೆಯೆಂದು ಆಮೇಲೆ ಬಿಟ್ಟರು. ಆದರೆ ಅಪ್ಪ ಬಾಗಿಲಿಗೆ ಅಗುಳಿ ಹಾಕದೆ ಊಟಕ್ಕೆ ಕೂರುವುದನ್ನೇ ಬಿಟ್ಟ. ಅದನ್ನು ನೋಡಲಾರದೆ ಅವ್ವ ಅಧಿಕಾರಿಗಳ ಮೇಲೆ ದಾವೆ ಹೂಡಿದಳು.

"ಇವರು ಬಾಗಿಲು ತೆಗೆದಿಟ್ಟು ಉಣ್ಬೇಕು. ನನಗೆ ಬೇಕಾಗಿರೋದು ಅಷ್ಟೇ" ಎಂದಳು.

ನಮ್ಮ ವಕೀಲ ಶಾಂತವೀರಯ್ಯನವರು ತಲೆ ಕೆರೆದುಕೊಂಡರು. "ನೀವೇ ಉಪಚಾರ ಮಾಡಿ ಒಳಗೆ ಬಿಟ್ರಿ, ಮನೆಯವರು ಒಪ್ಪಿದ್ಮೇಲೆ ಕೋರ್ಟಿನ ಆದೇಶ ಬೇಕಿಲ್ಲ ಅಂತ ಅವರು ವಾದ ಮಾಡ್ತಾರೆ. ನೀರು ಕೊಟ್ಟೇ ಇಲ್ಲ ಅಂದ್ಬಿಡಿ ತಾಯಿ."

"ಅವರು ಸುಳ್ಳು ಹೇಳಿದ್ರು ಅಂತ ನಾನೂ ಹೇಳ್ಲಾ?"

ನಾನೂ ರೇಗಾಡಿದೆ. ಅವಳು ಕೇಳಬೇಕಲ್ಲ!

ಕೋರ್ಟಿನಲ್ಲಿ ಎದುರು ವಕೀಲರು ಅದನ್ನೇ ಹಿಡಿದರು. "ಬೆಲ್ಲ, ನೀರು ಕೊಟ್ರಿ ತಾನೆ?"

"ಕೊಟ್ಟೆ."

"ಅಲ್ಲಿಗೆ ಒಪ್ಪಿಯೇ ಒಳಗೆ ಬಿಟ್ಟ ಹಾಗಾಯ್ತು." ಅವರು ನಗುತ್ತ ಕೂರಲು ಹೊರಟರು. ನಮ್ಮ ಕತೆ ಮುಗಿಯಿತೆಂದುಕೊಂಡೆ.

ಅವ್ವ ಕಟಕಟೆಯಿಂದಲೇ ಹಿರಿಯ ಅಧಿಕಾರಿಯತ್ತ ತಿರುಗಿದಳು. "ಏನಪ್ಪಾ, ಅವತ್ತು ಯಾರು ಅಂತ ಹೇಳ್ಕೊಂಡು ಬಂದೆ?"

ಅವನು ನೆಲ ನೋಡಿದ. ನ್ಯಾಯಾಧೀಶರು, "ಹೇಳಿ" ಎಂದರು.

"ನಲ್ಲಿಯವರು ಅಂತ."

"ನಾನು ನೀರು ಕೊಟ್ಟಿದ್ದು ಆ ನಲ್ಲಿಯವರಿಗೆ ಸ್ವಾಮಿ. ನಮ್ಮ ಯಜಮಾನರನ್ನ ಎಳ್ಕೊಂಡು ಹೋದೋರಿಗೆ ನಾನು ಏನೂ ಕೊಟ್ಟಿಲ್ಲ."

ಎದುರು ವಕೀಲರ ನಗು ಇಳಿಯಿತು. ತೀರ್ಪು ನಮ್ಮ ಕಡೆಗಾಯಿತು.

ಕೋರ್ಟು ಹೇಳಿದಂತೆ ಕ್ಷಮೆ ಕೇಳಲು ಆ ಅಧಿಕಾರಿಯೇ ಬಂದ. ಅಪ್ಪ ಊಟಕ್ಕೆ ಕೂತಿದ್ದ ಹೊತ್ತು. ಬಾಗಿಲು ಮೆಲ್ಲಗೆ ಬಡಿದ ಸದ್ದಾಯಿತು.

"ಯಾರು?"

"ವಲಸೆ ಇಲಾಖೆಯಿಂದಮ್ಮ."

ಅಪ್ಪನ ತುತ್ತು ಅರ್ಧದಲ್ಲೇ ನಿಂತಿತು. ಅವ್ವ ಅಗುಳಿ ತೆಗೆದು ಎರಡೂ ಕದಗಳನ್ನು ಅಗಲವಾಗಿ ತೆರೆದಳು. "ಅಲ್ಲೇ ನಿಂತ್ಕೊಳಪ್ಪ" ಎಂದು ಹೊಸ್ತಿಲ ಈಚೆಯಿಂದಲೇ ಬೆಲ್ಲ ಕೊಟ್ಟು ಚೊಂಬು ಚಾಚಿದಳು. ಅವನು ತಲೆಯೆತ್ತದೆ ಕುಡಿದ.

ಅಪ್ಪ ಒಮ್ಮೆ ತೆರೆದ ಬಾಗಿಲು ನೋಡಿದ. ಆಮೇಲೆ ತಟ್ಟೆಯನ್ನು ನನ್ನತ್ತ ಸರಿಸಿ, "ಇನ್ನೊಂಚೂರು ಸಾರು ಬಿಡು ಮಗಳೇ" ಎಂದ.