ತಂಗಿಯ ಅರ್ಜಿ

ಕಟ್ಟಿಕೊಂಡ ಸಂಸಾರ ಬಿಡಬಾರದು ಎಂಬ ಒಂದೇ ಮಾತಿನ ಬಲದ ಮೇಲೆ ವಕೀಲರು ಚುನಾವಣೆಗೆ ನಿಂತಿದ್ದರು. ವಿಚ್ಛೇದನವನ್ನು ಸುಲಭ ಮಾಡುವ ಹೊಸ ಮಸೂದೆಯನ್ನು ವೇದಿಕೆ ಸಿಕ್ಕಲ್ಲೆಲ್ಲ ಹಿಗ್ಗಾಮುಗ್ಗಾ ಜಾಡಿಸಿದ್ದರು. ಎದುರಾಳಿಯ ಜೊತೆ ಬಹಿರಂಗ ಚರ್ಚೆಗೆ ಮೂರು ದಿನ ಇತ್ತು. ಪಕ್ಷದ ಉಸ್ತುವಾರಿ ಅವರ ಕಚೇರಿಗೆ ಒಬ್ಬಾಕೆಯನ್ನು ಕರೆತಂದ.

"ಚರ್ಚೆಲಿ ಅವರು ಕೆದಕೋ ಮುಂಚೆ ನಾವೇ ಕೆದಕಿ ನೋಡೋಣ. ಎದುರಾಳಿ ಥರ ಇವರು ಪ್ರಶ್ನೆ ಕೇಳ್ಲಿ. ನಿಮ್ಮ ಹುಳುಕು ಬಲ್ಲವರು ಇವರೇ."

ಬಂದವಳು ವಕೀಲರ ಹಳೆಯ ಜೂನಿಯರ್. ಬಸುರಿಯಾದಾಗ "ಇನ್ನು ಮನೆ ನೋಡ್ಕೊಳ್ಳಮ್ಮ" ಎಂದು ಇವರೇ ಕಳಿಸಿಕೊಟ್ಟಿದ್ದರು. ಈಗ ಎದುರು ಕುರ್ಚಿ ಎಳೆದು ಕೂತಳು. ವಕೀಲರಿಗೆ ಮೈಯೆಲ್ಲ ಉರಿಯಿತು.

ಹಿಂದೆ ಒಬ್ಬ ಕಳ್ಳಸಾಗಣೆದಾರನ ಪರ ಯಾಕೆ ವಾದಿಸಿದಿರಿ ಎಂದು ಕೇಳಿದಳು. ಆರೋಪಿಗೂ ವಕೀಲ ಬೇಕು ಎಂದು ನೀರು ಕುಡಿದಷ್ಟು ಸಲೀಸಾಗಿ ಉತ್ತರಿಸಿದರು. ಆಮೇಲೆ ಅವಳು ದನಿ ತಗ್ಗಿಸಿದಳು.

"ಸರ್, ನಿಮ್ಮ ತಂಗಿಯ ವಿಚ್ಛೇದನದ ಅರ್ಜಿ ಬರೆದವರು ಯಾರು?"

ಕಿಟಕಿಯ ಬಳಿ ಟೈಪ್ ಮಾಡುತ್ತಿದ್ದ ತಂಗಿಯ ಬೆರಳು ನಿಂತಿತು. ಹನ್ನೊಂದು ವರ್ಷದಿಂದ ಅಣ್ಣನ ಕಾಗದಪತ್ರ ಟೈಪ್ ಮಾಡುವವಳು ಅವಳೇ.

"ಅದು ನಮ್ಮ ಮನೆ ವಿಷಯ," ಎಂದರು ವಕೀಲರು.

"ಊರವರ ಮನೆಯೆಲ್ಲ ನಿಮ್ಮ ಭಾಷಣದ ವಿಷಯ. ನಿಮ್ಮದು ಮಾತ್ರ ಮನೆ ವಿಷಯವಾ? ನೀವೇ ಬರೆದು, ಪಕ್ಕದ ಊರಿನ ಕೋರ್ಟಲ್ಲಿ ವಕೀಲ ಗೆಳೆಯರ ಹೆಸರಲ್ಲಿ ಹಾಕಿಸಿದಿರಿ."

"ಹಗೆ ತೀರಿಸ್ಕೊಳ್ಳೋಕೆ ಬಂದಿದ್ದೀಯ."

"ಹೌದು. ಆದ್ರೂ ಹೇಳ್ತಿರೋದು ಸುಳ್ಳಲ್ವಲ್ಲ."

ಉಸ್ತುವಾರಿ ಗಂಟಲು ಸರಿಮಾಡಿಕೊಂಡ. "ತಂಗಿ ನನ್ನ ಮಾತು ಮೀರಿ ಗಂಡನ್ನ ಬಿಟ್ಟಳು ಅಂದ್ಬಿಡಿ. ಜನ ನಿಮ್ಮ ಮೇಲೇ ಕನಿಕರ ಪಡ್ತಾರೆ."

ವಕೀಲರು ಮೇಜಿನ ಮೇಲಿನ ಪೆನ್ನು ಎತ್ತಿ ಅದನ್ನೇ ಬರೆದುಕೊಂಡರು. "ಹಾಗೇ ಅಂತೀನಿ," ಎಂದರು.

ತಂಗಿ ಎದ್ದು ಬಂದಳು. "ಅಣ್ಣ, ಅವತ್ತು ನನ್ನ ಕೈ ಮುರಿದಿತ್ತು. ಬಾಗಿಲು ಒದ್ದು ಒಳಗೆ ಬಂದು ನನ್ನನ್ನ ಕರ್ಕೊಂಡು ಹೋದವನು ನೀನು."

"ಗೆಲ್ಲೋ ತನಕ ಅಷ್ಟೇ ಕಣೇ. ಆಮೇಲೆ ಯಾರು ನೆನಪಿಟ್ಕೋತಾರೆ?"

"ನಾನು," ಎಂದವಳು ಕೈಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು.

ಚರ್ಚೆಯಲ್ಲಿ ಎದುರಾಳಿ ಅದನ್ನೇ ಕೇಳಿದ. ವಕೀಲರು ಕಣ್ಣೊರೆಸಿಕೊಂಡು ಕಲಿತ ಪಾಠ ಒಪ್ಪಿಸಿದರು. ಚಪ್ಪಾಳೆ ಬಿತ್ತು. ಆದರೆ ಮರುದಿನದ ಪತ್ರಿಕೆಯಲ್ಲಿ ಅರ್ಜಿಯ ಕರಡು ಅಚ್ಚಾಗಿತ್ತು. "ಈ ಹೆಂಗಸನ್ನು ಆ ಮನೆಗೆ ವಾಪಸ್ ಕಳಿಸುವುದು ಕೊಲೆಗೆ ಸಮ" ಎಂಬ ಸಾಲು ಅವರದೇ ದುಂಡು ಅಕ್ಷರದಲ್ಲಿತ್ತು. ಸಂಸಾರ ಮುರಿದವನೆಂದು ಅವರ ಕಡೆಯವರು ಬೈದರು, ಸುಳ್ಳನೆಂದು ಮಿಕ್ಕವರು ಬೈದರು. ಎರಡೂ ಕಡೆಯವರು ಸೇರಿ ಸೋಲಿಸಿದರು.

ಫಲಿತಾಂಶದ ಮರುದಿನ ತಂಗಿಯನ್ನು ಹುಡುಕಿಕೊಂಡು ಹೋದರು. ಅವಳು ಹಳೆಯ ಜೂನಿಯರ್ ಈಗ ಸ್ವಂತವಾಗಿ ನಡೆಸುತ್ತಿದ್ದ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದಳು.

"ಒಡಹುಟ್ಟಿದವಳಾಗಿ ಬೆನ್ನಿಗೆ ಚೂರಿ ಹಾಕಿದೆಯಲ್ಲೇ."

"ನಿನ್ನ ಜೀವನದಲ್ಲಿ ನೀನು ಬರೆದ ಒಳ್ಳೇ ಕಾಗದ ಅದೊಂದೇ, ಅಣ್ಣ. ಅದನ್ನೂ ಮುಚ್ಚಿಡೋಕೆ ಹೊರಟಿದ್ದೆ."

ವಕೀಲರು ಬಾಗಿಲಲ್ಲೇ ನಿಂತರು. ಅವಳು ಕೂರು ಎನ್ನಲಿಲ್ಲ. ಒಳಗಿನಿಂದ ಜೂನಿಯರ್ ಕರೆದಳೆಂದು ಎದ್ದು ಹೋದಳು.