ತೂಗಿಸದೆ ಹತ್ತುವುದಿಲ್ಲ ಎಂದ ಸ್ಟೆಫಾ

ಜುಲೈ ಬಂತೆಂದರೆ ನಮ್ಮ ಸಸ್ಕಾಚೆವನ್ ಬಯಲಿನ ಅಂಗಳಗಳಲ್ಲಿ ಒಂದೇ ನೋಟ. ಹಿಂದೆ ಟ್ರೇಲರ್ ಮನೆ ಕಟ್ಟಿಕೊಂಡ ಪಿಕಪ್ ಹಿಂಬದಿ ಕುಸಿದು ಕುಕ್ಕರಿಸಿರುತ್ತದೆ, ಅದರ ಮೂತಿ ಆಕಾಶ ನೋಡುತ್ತಿರುತ್ತದೆ. ಸುತ್ತ ನಿಂತ ಗಂಡಸರು ಟೈರಿಗೊಂದು ಒದ್ದು, "ಏನೂ ಆಗಲ್ಲ ಬಿಡೋ" ಅನ್ನುತ್ತಾರೆ.

ಪಕ್ಕದ ಮನೆಯ ಮೈರನ್‌ನ ಅಂಗಳದಲ್ಲೂ ಅದೇ ಆಗಿತ್ತು. ಅವನದು 'ಅರ್ಧ ಟನ್' ಎಂದು ಕರೆಯುವ ಸಣ್ಣ ದರ್ಜೆಯ ಪಿಕಪ್. ವಸಂತದಲ್ಲಿ ಇಪ್ಪತ್ತೆಂಟು ಅಡಿಯ ಟ್ರೇಲರ್ ಮನೆ ಕೊಂಡಿದ್ದ. ರಜೆಗೆ ಬಂದಿದ್ದ ಮೊಮ್ಮಕ್ಕಳು ಲಾರಿಸಾ, ತೆಸ್ಸಾ ಇಬ್ಬರನ್ನೂ ಶನಿವಾರ ಬೆಟ್ಟಸಾಲು ದಾಟಿಸಿ, ಸಮುದ್ರದ ಕಡೆ ಇರುವ ಅವರ ಅಮ್ಮನ ಹತ್ತಿರ ಬಿಡಬೇಕಿತ್ತು. ದಿನಕ್ಕೊಂದು ಊರಲ್ಲಿ ಮಲಗೋಣ, ಕೊನೆಗೆ ಸಮುದ್ರ ನೋಡೋಣ ಎಂದು ಅಜ್ಜ ಮಾತು ಕೊಟ್ಟಿದ್ದ.

ಪಿಕಪ್ ಕುಸಿದದ್ದಕ್ಕೆ ಮದ್ದು ಹೇಳಿದವನು ಲಾಯ್ಡ್. ಸಹಕಾರಿ ಅಂಗಡಿಯ ಮೂಲೆಯಲ್ಲಿ ದಿನಾ ಬೆಳಿಗ್ಗೆ ಕಾಫಿಗೆ ಕೂರುವ ಗಂಡಸರ ಸಾಲಿಗೆ ಅವನೇ ಯಜಮಾನ.

"ಭಾರದ್ದೆಲ್ಲಾ ಟ್ರೇಲರ್‌ನ ಹಿಂದಿನ ತುದಿಗೆ ತಳ್ಳು ಮಾರಾಯ. ಮುಂದೆ ಹಗುರ ಆಗುತ್ತೆ, ಪಿಕಪ್ ತಾನೇ ಎದ್ದು ನಿಲ್ಲುತ್ತೆ," ಎಂದ ಲಾಯ್ಡ್.

ಮೈರನ್ ಜನರೇಟರು, ಸೌದೆ, ಮಾಂಸದ ಪೆಟ್ಟಿಗೆ ಎಲ್ಲವನ್ನೂ ಹಿಂದಕ್ಕೆ ತಳ್ಳಿದ. ಪಿಕಪ್ ನೆಟ್ಟಗೆ ನಿಂತಿತು. ಭಾನುವಾರ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಕೆರೆಯವರೆಗೆ ಹೋಗಿ ನೋಡಿದರು.

ದಾರಿಯಲ್ಲಿ ದೊಡ್ಡ ಲಾರಿಯೊಂದು ಪಕ್ಕದಿಂದ ಹಾದು ಮುಂದೆ ಹೋಯಿತು, ಅಷ್ಟೇ. ಟ್ರೇಲರ್ ಮೀನಿನ ಬಾಲದಂತೆ ಆ ಕಡೆ ಈ ಕಡೆ ಹೊಡೆದುಕೊಳ್ಳತೊಡಗಿತು. ಮೈರನ್ ಗಾಬರಿಯಾಗಿ ಬ್ರೇಕ್ ಒತ್ತಿದ, ಹೊಡೆತ ಇನ್ನೂ ಜೋರಾಯಿತು. ಹೇಗೋ ಜಲ್ಲಿಯ ಅಂಚಿಗೆ ಬಂದು ನಿಂತಾಗ ಎಂಟು ವರ್ಷದ ತೆಸ್ಸಾ ಅಳಲೂ ಇಲ್ಲ, ಮಾತಾಡಲೂ ಇಲ್ಲ. ಸೀಟಿನ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದಳಂತೆ.

ಮಾರನೆಯ ದಿನ ಮೈರನ್‌ನ ಹೆಂಡತಿ ಸ್ಟೆಫಾ ಮಕ್ಕಳ ಚೀಲಗಳನ್ನು ಪಿಕಪ್‌ನಿಂದ ಇಳಿಸಿ ಮನೆಯೊಳಗಿಟ್ಟಳು. ಆಮೇಲೆ ಮಡಿಸುವ ಕುರ್ಚಿಯೊಂದನ್ನು ತಂದು ಪಿಕಪ್‌ನ ಮೂತಿಗೆ ಅಡ್ಡ ಹಾಕಿಕೊಂಡು ಕೂತಳು. ಮಡಿಲಲ್ಲಿ ಬಿಡಿಸಲು ಬಟಾಣಿ. ನಾನು ಉಪ್ಪಿನಕಾಯಿ ಬಾಟಲಿ ಹಿಂದಿರುಗಿಸಲು ಹೋದಾಗ ಜಗಳ ನಡೆದೇ ಇತ್ತು.

"ಏಳೇ, ಜನ ನೋಡ್ತಾರೆ."

"ನೋಡ್ಲಿ. ಕಣ್ಣಿರೋದೇ ಅದಕ್ಕೆ."

"ನಾಲ್ಕು ಸಾವಿರದ ಇನ್ನೂರು ಕಿಲೋ ಎಳೆಯುತ್ತೆ ಅಂತ ಕಂಪನಿ ಪುಸ್ತಕದಲ್ಲೇ ಬರೆದಿದೆ ಕಣೇ! ನಮ್ಮದು ಅಷ್ಟಿಲ್ಲ!"

"ಪುಸ್ತಕ ಬರೆದವನ ಮೊಮ್ಮಕ್ಕಳು ಹಿಂದಿನ ಸೀಟಲ್ಲಿ ಕೂತಿದ್ರಾ?"

ಮೈರನ್ ನನ್ನತ್ತ ತಿರುಗಿದ. "ಗ್ವೆನ್, ನೀನಾದ್ರೂ ಹೇಳು ಇವಳಿಗೆ."

ನಾನು ಧಾನ್ಯದ ಗೋದಾಮಿನಲ್ಲಿ ಇಪ್ಪತ್ತೇಳು ವರ್ಷದಿಂದ ತೂಕದ ಕಟ್ಟೆ ನೋಡಿಕೊಳ್ಳುವವಳು. ಲಾರಿ ಹತ್ತಿಸಿ ಇಳಿಸಿ ಸಾಕಾದವಳು. ಹೇಳುವುದಕ್ಕಿಂತ ತೋರಿಸುವುದೇ ವಾಸಿ ಎಂದು ಡ್ರೈವರ್ ಕಡೆಯ ಬಾಗಿಲು ತೆಗೆದೆ. ಬಾಗಿಲು ಮುಚ್ಚುವ ಜಾಗದಲ್ಲಿ ಅಂಗೈ ಅಗಲದ ಚೀಟಿ ಅಂಟಿತ್ತು.

"ಇದನ್ನ ಯಾವತ್ತಾದ್ರೂ ಓದಿದ್ದೀಯಾ ಮೈರನ್?"

"ಅದು ಟೈರಿನ ಗಾಳಿ ಲೆಕ್ಕ ಅಲ್ವಾ?"

"ಅದರ ಮೇಲಿನ ಸಾಲು ಓದು."

ಕನ್ನಡಕ ಏರಿಸಿ ಓದಿದ. ಜನ, ಸಾಮಾನು ಎಲ್ಲ ಸೇರಿ ಆರುನೂರ ನಲವತ್ತು ಕಿಲೋ ಮೀರಬಾರದು ಎಂದಿತ್ತು. ಪಕ್ಕದ ಇನ್ನೊಂದು ಚೀಟಿಯಲ್ಲಿ, ತುಂಬಿದ ಪಿಕಪ್‌ನ ಒಟ್ಟು ತೂಕ ಮೂರು ಸಾವಿರದ ಇನ್ನೂರು ಕಿಲೋ ಮೀರಬಾರದು ಎಂದಿತ್ತು.

"ಎಳೆಯೋ ಶಕ್ತಿ ಬೇರೆ, ಹೊರೋ ಶಕ್ತಿ ಬೇರೆ," ಎಂದೆ. "ಟ್ರೇಲರ್‌ನ ಮುಂಭಾರ ಕೊಂಡಿ ಮೇಲೆ ಕೂರುತ್ತಲ್ಲ, ಅದನ್ನ ಪಿಕಪ್ಪೇ ಹೊರಬೇಕು. ನೀನು, ಸ್ಟೆಫಾ, ಮಕ್ಕಳು, ನಾಯಿ, ನಿನ್ನ ಸಲಕರಣೆ ಪೆಟ್ಟಿಗೆ, ಎಲ್ಲಾ ಈ ಆರುನೂರ ನಲವತ್ತರ ಒಳಗೇ ಬರಬೇಕು."

"ಸ್ಪ್ರಿಂಗ್ ಗಟ್ಟಿ ಮಾಡಿಸಿದ್ರಾಯ್ತು ಅಂತಾನೆ ಲಾಯ್ಡ್."

"ಸ್ಪ್ರಿಂಗ್ ಪಿಕಪ್‌ನ ಬೆನ್ನು ಎತ್ತುತ್ತೆ. ಚೀಟಿಯ ಅಂಕಿ ಎತ್ತಲ್ಲ."

ಸ್ಟೆಫಾ ಬಟಾಣಿ ಪಕ್ಕಕ್ಕಿಟ್ಟು ಎದ್ದಳು. "ನಲವತ್ತು ವರ್ಷ ಗೋಧಿ ಸಾಗಿಸಿದೀಯ. ಒಂದು ದಿನ ಲಾರಿ ಮಿತಿ ಮೀರಿತ್ತಾ? ಇಪ್ಪತ್ತು ಕಿಲೋ ವ್ಯತ್ಯಾಸ ಬಂದ್ರೆ ಗ್ವೆನ್ ಹತ್ರ ಜಗಳ ಆಡಿ ಮತ್ತೆ ತೂಗಿಸ್ತಿದ್ದೆ. ಗೋಧಿಗೆ ತೂಕ ಬೇಕು, ನನ್ನ ಮೊಮ್ಮಕ್ಕಳಿಗೆ ಬೇಡ್ವಾ? ತೂಗಿಸದೆ ನಾನು ಹತ್ತಲ್ಲ. ಮಕ್ಕಳನ್ನೂ ಹತ್ತಿಸಲ್ಲ. ಬೇಕಾದ್ರೆ ನಿನ್ನ ಪುಸ್ತಕನ ಪಕ್ಕದಲ್ಲಿ ಕೂರಿಸ್ಕೊಂಡು ಹೋಗು!"

"ಕಟ್ಟೆ ಯಾವತ್ತು ಖಾಲಿ ಇರುತ್ತೆ ಗ್ವೆನ್?" ಎಂದ ಮೈರನ್.

ಬುಧವಾರ ಕಟ್ಟೆ ಖಾಲಿಯಿತ್ತು, ಇನ್ನೂ ಕಟಾವು ಶುರುವಾಗಿರಲಿಲ್ಲ. ಸುದ್ದಿ ಹೇಗೆ ಹರಡಿತೋ, ಕಾಫಿ ಸಾಲಿನವರು ಲೋಟ ಹಿಡಿದುಕೊಂಡೇ ಬಂದು ನಿಂತರು.

"ಸ್ಟೆಫಾ, ನೀನು ಕೂತ್ರೆ ಕಟ್ಟೆ ಮುರಿಯಲ್ಲ ತಾನೇ?" ಎಂದ ಲಾಯ್ಡ್.

"ನಿನ್ನ ನಾಲಿಗೆ ಕೂರಿಸಿದ್ರೆ ಮುರಿಯುತ್ತೆ. ನಾನು ಎಪ್ಪತ್ತೆಂಟು ಕಿಲೋ, ಬರ್ಕೋ. ನಿಂದು ಹೇಳ್ತೀಯಾ?"

ಲಾಯ್ಡ್ ಹೊಟ್ಟೆ ಒಳಗೆಳೆದುಕೊಂಡ. ತೂಕಕ್ಕೆ ಮಾತ್ರ ಕೂರುತ್ತೇನೆ ಎಂದು ಮೊದಲೇ ಹೇಳಿ ಸ್ಟೆಫಾ ಹತ್ತಿದಳು. ಮಕ್ಕಳು ಹತ್ತಿದರು, ನಾಯಿ ಬುರಾಕ್ ಹತ್ತಿತು. ಟ್ರೇಲರ್‌ನ ಚಕ್ರಗಳು ಕಟ್ಟೆಯಿಂದ ಹೊರಗಿರುವಂತೆ, ಪಿಕಪ್ ಮಾತ್ರ ಕಟ್ಟೆಯ ಮೇಲೆ ಬರುವಂತೆ ನಿಲ್ಲಿಸಿದೆವು. ಮೂರು ಸಾವಿರದ ಇನ್ನೂರ ನಲವತ್ತು ಕಿಲೋ ತೋರಿಸಿತು.

"ಬರೀ ನಲವತ್ತು ಜಾಸ್ತಿ!" ಮೈರನ್ ಕಿಟಕಿಯಿಂದ ಕೂಗಿದ. "ಇದಕ್ಕಾ ಇಷ್ಟು ರಂಪ?"

"ತಡಿ, ಮುಗಿದಿಲ್ಲ. ಕೊಂಡಿ ಬಿಚ್ಚು."

ಬಿಚ್ಚಿದೆವು. ಟ್ರೇಲರ್ ಇಲ್ಲದ ಪಿಕಪ್, ಅದೇ ಜನ, ಅದೇ ನಾಯಿ. ಮೂರು ಸಾವಿರದ ಐವತ್ತು. ಅಂದರೆ ಕೊಂಡಿಯ ಮೇಲೆ ಇದ್ದದ್ದು ನೂರ ತೊಂಬತ್ತು ಕಿಲೋ. ಟ್ರೇಲರನ್ನೇ ತೂಗಿದರೆ ಮೂರು ಸಾವಿರದ ಇನ್ನೂರು.

"ಟ್ರೇಲರ್ ತೂಕದ ನೂರಕ್ಕೆ ಆರು ಪಾಲೂ ಕೊಂಡಿ ಮೇಲೆ ಬೀಳ್ತಿಲ್ಲ ಮೈರನ್. ಕಡಿಮೆ ಅಂದ್ರೂ ಹತ್ತು ಬೇಕು, ಹನ್ನೆರಡು ಹದಿಮೂರು ಇದ್ರೆ ಒಳ್ಳೇದು. ಮುಂದೆ ಭಾರ ಇಲ್ಲದ ಟ್ರೇಲರ್ ಬಾಲ ಆಡಿಸದೆ ಇನ್ನೇನು ಮಾಡುತ್ತೆ? ಭಾನುವಾರ ನಿಮ್ಮನ್ನ ಅಲ್ಲಾಡಿಸಿದ್ದು ಲಾರಿಯ ಗಾಳಿ ಒಂದೇ ಅಲ್ಲ. ಹಿಂದಕ್ಕೆ ತಳ್ಳಿದ ಆ ಸಾಮಾನು."

ಲಾಯ್ಡ್ ಲೋಟದೊಳಗೆ ಏನನ್ನೋ ಹುಡುಕತೊಡಗಿದ.

"ಸರಿ, ಸಾಮಾನು ಮುಂದಕ್ಕೆ ತರ್ತೀನಿ," ಎಂದ ಮೈರನ್.

"ತಾ. ಕೊಂಡಿ ಮೇಲೆ ನಾನೂರು ಕೂರುತ್ತೆ. ಈಗಿನ ಮೂರು ಸಾವಿರದ ಐವತ್ತಕ್ಕೆ ಅದನ್ನ ಕೂಡಿಸು."

ಬಾಯಲ್ಲೇ ಕೂಡಿಸಿದ. ಮುಖ ಇಳಿಯಿತು. ಮೂರು ಸಾವಿರದ ನಾನೂರ ಐವತ್ತು. ಇನ್ನೂರ ಐವತ್ತು ಕಿಲೋ ಹೆಚ್ಚು. ಪಿಕಪ್ ನೆಟ್ಟಗೆ ನಿಂತದ್ದು ಭಾರ ಕಡಿಮೆಯಾಗಿ ಅಲ್ಲ, ಭಾರ ಅಡಗಿ ಕೂತು.

"ಗೀಡೋ," ಎಂದು ತೆಸ್ಸಾ ಅಜ್ಜನನ್ನು ಕರೆದಳು. ಭಾನುವಾರದಿಂದ ಅವಳು ಅವನೊಡನೆ ಆಡಿದ ಮೊದಲ ಮಾತು ಅದು. "ಬೆಟ್ಟದ ಮೇಲೂ ಹಾಗೇ ಅಲ್ಲಾಡುತ್ತಾ?"

ಮೈರನ್ ಕಟ್ಟೆಯ ಅಂಕಿ ಇನ್ನೊಮ್ಮೆ ನೋಡಿದ. ಆಮೇಲೆ ಅಂಗಿಯ ತೋಳು ಮಡಿಸಿದ. "ಇಲ್ಲ ಕಂದಾ. ಅಲ್ಲಾಡೋಕೆ ನಿಮ್ಮ ಗೀಡೋ ಬಿಡಲ್ಲ." ಕಾಫಿ ಸಾಲಿನ ಕಡೆ ತಿರುಗಿ, "ಏನ್ರೋ ನೋಡ್ತಾ ನಿಂತಿದ್ದೀರಿ? ಲೋಟ ಕೆಳಗಿಡಿ, ಸಾಮಾನು ಇಳಿಸೋಕೆ ಬನ್ನಿ!"

ಸೌದೆ ಇಳಿಯಿತು, ಜನರೇಟರು ಇಳಿಯಿತು. ಕುಡಿಯುವ ನೀರಿನ ತೊಟ್ಟಿ ತುಂಬಿ ನಿಂತಿತ್ತು. ಬಿಟ್ಟರೆ ಇನ್ನೂರು ಕಿಲೋ ಹರಿದು ಹೋಯಿತು. ತಂಗುವ ಕಡೆಯೆಲ್ಲ ನಲ್ಲಿ ಇರುವಾಗ ನೀರು ಹೊತ್ತು ಬೆಟ್ಟ ಹತ್ತುವುದೇಕೆ? ಸಲಕರಣೆ ಪೆಟ್ಟಿಗೆಯಲ್ಲಿ ಜಾಕು, ಪಾನಾ ಉಳಿದವು. ಎರಕದ ಬಾಣಲೆಗಳನ್ನು ಸ್ಟೆಫಾ ತಾನೇ ಇಳಿಸಿದಳು, ಆದರೆ ಹೆಪ್ಪುಗಟ್ಟಿಸಿದ ಪೆರೋಗಿ ಕಡುಬಿನ ಡಬ್ಬಿಯನ್ನು ಮುಟ್ಟಲು ಯಾರಿಗೂ ಬಿಡಲಿಲ್ಲ. ಉಳಿದ ಭಾರವನ್ನು ಟ್ರೇಲರ್‌ನ ಚಕ್ರಗಳಿಗೆ ಸ್ವಲ್ಪ ಮುಂದೆ, ನೆಲಕ್ಕೆ ಹತ್ತಿರ, ಜಾರದಂತೆ ಕಟ್ಟಿದೆವು. ಮತ್ತೆ ತೂಗಿದರೆ ಇನ್ನೂ ಎರಡು ಕಿಲೋ ಹೆಚ್ಚು!

"ಎರಡು ಕಿಲೋ ತಾನೇ..." ಲಾಯ್ಡ್ ಶುರುಮಾಡಿದ.

"ಇಲ್ಲ," ಎಂದ ಮೈರನ್. ಈ ಸಲ ಸ್ಟೆಫಾ ಬಾಯಿ ತೆರೆಯುವ ಮೊದಲೇ.

ಹಾಗಾಗಿ ಬುರಾಕ್ ಈಗ ನಮ್ಮ ಮನೆಯಲ್ಲಿದೆ. ಅದರ ತೂಕ ಮೂವತ್ತೈದು ಕಿಲೋ, ನನ್ನ ಸೋಫಾ ಪೂರ್ತಿ ಅದರದೇ.

ಹೊರಡುವ ಮುನ್ನ ಮೈರನ್‌ನಿಂದ ಒಂದು ಮಾತು ಮೂರು ಸಲ ಹೇಳಿಸಿದೆ. ಟ್ರೇಲರ್ ಆಡತೊಡಗಿದರೆ ಪಿಕಪ್‌ನ ಬ್ರೇಕ್ ತುಳಿಯಬಾರದು, ವೇಗವನ್ನೂ ಹೆಚ್ಚಿಸಬಾರದು. ಕಾಲು ಎತ್ತಬೇಕು, ಸ್ಟೀರಿಂಗ್ ನೆಟ್ಟಗೆ ಹಿಡಿಯಬೇಕು, ಸ್ಟೀರಿಂಗ್ ಪಕ್ಕದ ಟ್ರೇಲರ್ ಬ್ರೇಕಿನ ಸಣ್ಣ ಹಿಡಿಯನ್ನು ಮಾತ್ರ ಮೆಲ್ಲಗೆ ಒತ್ತಬೇಕು.

ಶನಿವಾರ ಬೆಳಿಗ್ಗೆ ಸಹಕಾರಿ ಅಂಗಡಿಯ ಮುಂದೆ ಅವರ ಗಾಡಿ ಹಾದುಹೋಯಿತು. ಸ್ಟೆಫಾ ಮುಂದಿನ ಸೀಟಿನಲ್ಲಿ ರಾಣಿಯಂತೆ ಕೂತಿದ್ದಳು, ಹಿಂದೆ ಮಕ್ಕಳಿಬ್ಬರೂ ಕೈಬೀಸುತ್ತಿದ್ದರು.

"ಏನ್ ಮೈರನ್, ಹೆಂಡ್ತಿ ಅಪ್ಪಣೆ ಕೊಟ್ಳಾ?" ಲಾಯ್ಡ್ ಬಾಗಿಲಲ್ಲಿ ನಿಂತು ಕೂಗಿದ.

ಮೈರನ್ ನಿಲ್ಲಿಸಿ ಕಿಟಕಿಯಿಂದ ತಲೆ ಹೊರಹಾಕಿದ. "ಮೂರು ಸಾವಿರದ ನೂರ ಅರವತ್ತೇಳು! ನಿಂದೆಷ್ಟೋ?"

ಸೋಮವಾರ ಗೋದಾಮಿನ ಬಾಗಿಲು ತೆಗೆಯುವಾಗಲೇ ಲಾಯ್ಡ್‌ನ ಪಿಕಪ್, ಟ್ರೇಲರ್ ಎರಡೂ ಕಟ್ಟೆಯ ಮುಂದೆ ನಿಂತಿದ್ದವು. "ಯಾರಿಗೂ ಹೇಳ್ಬೇಡ ಗ್ವೆನ್," ಎಂದ. ಹೇಳಿಲ್ಲ. ಬರೆದಿದ್ದೇನೆ, ಅಷ್ಟೇ.

ಈಗ ನಿಮ್ಮ ಸರದಿ. ಈ ಹಾಳೆ ಮಡಿಸಿ ಜೇಬಿಗಿಟ್ಟುಕೊಳ್ಳಿ. ಹೊರಗೆ ಹೋಗಿ ಪಿಕಪ್‌ನ ಬಾಗಿಲು ತೆಗೆದು ಚೀಟಿ ಓದಿ. ಕೊಂಡಿ ಭಾರವನ್ನೂ ಸೇರಿಸಿ ಲೆಕ್ಕ ಹಾಕಿ, ಹತ್ತಿರದ ತೂಕದ ಕಟ್ಟೆಗೆ ಹೋಗಿ ತೂಗಿಸಿ. ಮಾರಿದವನು ನಗಬಹುದು, ಕಾಫಿ ಸಾಲು ನಗಬಹುದು. ನಗಲಿ. ಹಿಂದಿನ ಸೀಟಿನಲ್ಲಿ ಕೂರುವವರು ಅವರ ಮಕ್ಕಳಲ್ಲ, ನಿಮ್ಮವರು. ನೀವು ಓಡಿಸುವವರಲ್ಲ, ಪಕ್ಕದಲ್ಲಿ ಕೂರುವವರಾದರೆ ನಿಮ್ಮ ಕೈಯಲ್ಲಿ ಇನ್ನೂ ದೊಡ್ಡ ಬ್ರೇಕ್ ಇದೆ. ಕುರ್ಚಿ ಹಾಕಿಕೊಂಡು ಗಾಡಿಗೆ ಅಡ್ಡ ಕೂತುಬಿಡಿ. ಅಂಕಿ ಕೈಗೆ ಬರುವವರೆಗೆ ಏಳಬೇಡಿ.